ಅಮ್ಮನಿಗೊಂದು ತಿರುಗೋ ಕುದುರೆ

ಏಪ್ರಿಲ್ 12, ಭಾನುವಾರ. ಭವಾನಿಪುರಂ.

ಎಲ್ಲರೂ ಸೇರಿ ಥೀಮ್ ಪಾರ್ಕಿಗೆ ಹೋಗುವ ವಿಷಯ ಇವತ್ತೂ ಇತ್ಯರ್ಥ ಆಗಲಿಲ್ಲ. ನನಗೆ ಬ್ಯಾಂಕಲ್ಲಿ ರಜೆ ಸಿಕ್ಕಿದೆ, ತಮ್ಮ ಚರಣ್ ವೈಜಾಗಿನಿಂದ ಮಕ್ಕಳನ್ನು ಕರೆದುಕೊಂಡು ಬರ್ತಾನೆ. ದಾವಣಗೆರೆಯಿಂದ ಫೋನಲ್ಲಿ ಅಮ್ಮನದು ಮಾತ್ರ ಅದೇ ಹಳೇ ರಾಗ: "ನೀವೆಲ್ಲ ಆಡ್ರಿ, ನಾನು ಬ್ಯಾಗು, ಚಪ್ಪಲಿ ನೋಡ್ಕೊಂಡು ಕೂತಿರ್ತೀನಿ." ನಾವು ಚಿಕ್ಕವರಿದ್ದಾಗ ಎಕ್ಸಿಬಿಷನ್‌ಗೆ ಹೋದರೂ ಹಾಗೇ ಕೂತಿರ್ತಿದ್ದಳು. ನಾವು ಜೈಂಟ್ ವೀಲ್ ಮೇಲಿಂದ ಕೈ ಬೀಸುತ್ತಿದ್ದೆವು.

ಇವತ್ತು, ಇಲ್ಲೇ ತೆಲುಗರ ನಡುವೆ ಬೆಳೆದ ಮಗಳು ಅಮೂಲ್ಯಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಅರ್ಧ ತೆಲುಗಲ್ಲಿ, "ಅಮ್ಮಮ್ಮಾ, ನನ್ ಜೊತೆ ತಿರುಗೋ ಕುದುರೆ ಮೇಲೆ ಕೂತ್ಕೋತೀಯಾ?" ಅಂತ ಅಜ್ಜಿಯನ್ನು ಕೇಳಿದಳು. ಅಮ್ಮ ಅಪ್ಪನಿಗೆ ಕೇಳಿಸದ ಹಾಗೆ, "ಸೀರೆ ಉಟ್ಕೊಂಡ್ರೂ ಕೂರಕ್ಕೆ ಬಿಡ್ತಾರಾ?" ಅಂದಳು.

ಈ ಸಲ ಬ್ಯಾಗು, ಚಪ್ಪಲಿ ಎಲ್ಲ ನಾನೇ ಹಿಡ್ಕೊಂಡು ಕೆಳಗೆ ನಿಲ್ಲಬೇಕು. ಅಮ್ಮ ಸುತ್ತಿ ಬಂದಾಗಲೆಲ್ಲ ನನ್ನ ಕಡೆ ಕೈ ಬೀಸಿದರೆ, ನಾನೂ ಕೆಳಗಿಂದ ಕೈ ಬೀಸಬೇಕು.