ಮಾವ ನೋಡಿದ ಆಫೀಸು

ಸ್ಯಾನ್ ರಮೋನ್
ಜೂನ್ ೨೦೦೧

ಮಾವಯ್ಯಾ, ದೂರದಿಂದಲೇ ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ.

ನೀವು ಉಡುಪಿಗೆ ಮರಳಿ ತಿಂಗಳಾಯಿತು. ಈಗ ಜಗಲಿಯಲ್ಲಿ ಕುಳಿತು ಉಳಿ ಮಸೆಯುತ್ತಿರಬೇಕು. ಫೋನಿನಲ್ಲಿ ಬಾಯಿಗೆ ಬಾರದ ಮಾತನ್ನು ಕಾಗದಕ್ಕೆ ಹೇಳುತ್ತಿದ್ದೇನೆ.

ಫೆಬ್ರವರಿಯಲ್ಲೇ ನಮ್ಮ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿತ್ತು. ನಿಮ್ಮ ಮಗ ಸಂಪತ್‌ಗೂ ಹೇಳದೆ, ದಿನಾ ಇಸ್ತ್ರಿ ಬಟ್ಟೆ ತೊಟ್ಟು ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದೆ. ನೀವೋ, ನನ್ನ ವಿಸಿಟಿಂಗ್ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಂಡವರಿಗೆಲ್ಲ ತೋರಿಸುವವರು. "ನಿನ್ನ ಆಫೀಸು ಒಮ್ಮೆ ತೋರಿಸು ಮಾರಾಯ್ತಿ" ಎಂದು ಹಟ ಹಿಡಿದಿರಿ. ಆಫೀಸಿಗೆ ಬಣ್ಣ ಹೊಡೆಯುತ್ತಿದ್ದಾರೆ, ಬದಲಿಗೆ ಬ್ಯಾಂಕುಗಳ ಬೀದಿಯಲ್ಲಿರುವ ಹಳೆಯ ಪಬ್ಬುಗಳ ಮರಗೆಲಸ ತೋರಿಸುತ್ತೇನೆ ಎಂದು ಸುಳ್ಳು ಹೇಳಿದೆ. ಮೂವತ್ತು ವರ್ಷ ಮರಗೆಲಸ ಕಲಿಸಿದ ಮೇಷ್ಟ್ರು ಹೆಂಡದಂಗಡಿ ಎಂಬುದನ್ನೂ ಮರೆತು ಹೊರಟೇಬಿಟ್ಟಿರಿ.

ಮೊದಲನೆಯ ಪಬ್ಬಿನಲ್ಲಿ ಕಂಬ ತಟ್ಟಿ ನೋಡಿದಿರಿ. ಎರಡನೆಯದು ೧೯೦೬ರ ಭೂಕಂಪದ ನಂತರ ಕಟ್ಟಿದ್ದು. ಅಲ್ಲಿಯ ಉದ್ದನೆಯ ಮಹಾಗನಿ ಕೌಂಟರನ್ನು ಅಂಗೈಯಿಂದ ಸವರಿ, "ಒಂದು ಮೊಳೆ ಕಾಣುವುದಿಲ್ಲ ನೋಡು" ಎಂದಿರಿ. ನಿಮ್ಮ ಕಣ್ಣು ಒದ್ದೆಯಾಗಿತ್ತು. ಸೋಡಾ ಬಂತು. ಎಷ್ಟು ಜನರ ಎಂಜಲಿನ ಗ್ಲಾಸೋ ಎಂದು ತಲೆಯೆತ್ತಿ, ತುಟಿಗೆ ತಾಗಿಸದೆ ಮೇಲಿನಿಂದ ಸುರಿದು ಕುಡಿದಿರಿ. ಟೈ ಕಟ್ಟಿದ ಬ್ಯಾಂಕಿನವರೆಲ್ಲ ಮಾತು ನಿಲ್ಲಿಸಿದರು. ಒಂದು ಹನಿ ಅಂಗಿಗೆ ಬೀಳಲಿಲ್ಲ. ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಗಲೇ ಕೌಂಟರಿನ ಮುದುಕ ನಾನು ಕೇಳದೆಯೇ ಕಾಫಿ ತಂದಿಟ್ಟು, ನನ್ನ ಹೆಸರು ಹಿಡಿದು ಕರೆದು, ನಿನ್ನ ಮೂಲೆಯ ಕುರ್ಚಿ ಖಾಲಿ ಇದೆ ಎಂದು ಕೈ ತೋರಿಸಿದ. ಮೂರು ತಿಂಗಳು ಕೆಲಸದ ಅರ್ಜಿ ಬರೆಯುತ್ತಾ ನಾನು ಕುಳಿತ ಕುರ್ಚಿ ಅದು. ನಿಮ್ಮ ಮುಖ ನೋಡುವ ಧೈರ್ಯವಾಗಲಿಲ್ಲ.

ನೀವು ಹೋಗಿ ಕುರ್ಚಿ ಅಲುಗಿಸಿ ನೋಡಿದಿರಿ. ಒಂದು ಕಾಲು ಗಿಡ್ಡವಿತ್ತು. ಜೇಬಿನಿಂದ ನನ್ನ ಕಾರ್ಡು ತೆಗೆದು, ನಾಲ್ಕು ಮಡಿಕೆ ಮಡಿಸಿ ಕಾಲಿನಡಿ ಕೊಟ್ಟಿರಿ. "ಕೂತ್ಕೋ. ನಿನ್ನ ಆಫೀಸು ಲಾಯ್ಕುಂಟು" ಎಂದಿರಿ. ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಬೆಳಗ್ಗೆ ಸಂಪತ್‌ಗೆ ನಾನೇ ಹೇಳಿದೆ. ಆ ಧೈರ್ಯ ನೀವು ಕೊಟ್ಟದ್ದು ಮಾವಯ್ಯಾ.

ಸೋಮವಾರದಿಂದ ಪ್ಲೆಸೆಂಟನ್‌ನಲ್ಲಿ ಹೊಸ ಕೆಲಸ. ನಿನ್ನೆ ಆ ಪಬ್ಬಿಗೆ ಹೋಗಿ ಕುಳಿತು ಬಂದೆ, ಕುರ್ಚಿ ಅಲುಗಲಿಲ್ಲ. ಹೊಸ ಕಾರ್ಡನ್ನು ಇದರೊಳಗೆ ಇಟ್ಟಿದ್ದೇನೆ. ಜೇಬಿಗಾದರೂ ಸರಿ, ಕುರ್ಚಿಯ ಕಾಲಿಗಾದರೂ ಸರಿ.

ನಿಮ್ಮ ಉಳಿ ಹರಿತವಾಗಿರಲಿ, ಕೈ ಗಟ್ಟಿಯಾಗಿರಲಿ.

ನಿಮ್ಮ ಸೊಸೆ,
ಸೌದಾಮಿನಿ