ಪುಟಸಂಖ್ಯೆ ಇಲ್ಲದ ಆಧಾರ

ಸಂಜೆ ತರಗತಿಯ ಮೇಡಂ ಅವರಿಗೆ,

ನಿನ್ನೆ ತರಗತಿ ಮುಗಿಯುವ ಗಂಟೆ ಹೊಡೆದುಬಿಟ್ಟಿತು, ನನ್ನ ಮಾತು ಅರ್ಧಕ್ಕೇ ನಿಂತಿತು. ಇಂಗ್ಲಿಷ್ ಪ್ರಬಂಧದಲ್ಲಿ ಬೇರೆಯವರ ಮಾತು ತಂದರೆ ಯಾರದು, ಯಾವ ಪುಟದ್ದು ಎಂದು ಆಧಾರ ಕೊಡಬೇಕು, ಇಲ್ಲದಿದ್ದರೆ ಕದ್ದಂತೆ ಎಂದಿರಿ. ಒಪ್ಪಿದೆ. ಆದರೆ ತೇಪೆ ಹಾಕುವುದರ ಬಗ್ಗೆ ನಾನು ಬರೆದ ಹನ್ನೊಂದು ವಾಕ್ಯಗಳೂ ನನ್ನ ಹೆಂಡತಿಯವು. ದರ್ಜಿ ಅವಳು, ನಾನು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವನು, ಅಷ್ಟೇ. "ರೀ, ತೂತು ಎಷ್ಟಿದೆ ಅಂತ ನೋಡ್ಬೇಡಿ, ಗಟ್ಟಿ ಬಟ್ಟೆ ಎಲ್ಲಿಂದ ಶುರು ಅಂತ ನೋಡಿ" ಅನ್ನುತ್ತಿದ್ದಳು. ಅವಳ ಮಾತು ತೆಗೆದರೆ ಉಳಿಯುವುದು ನನ್ನ ಕಾಲೇಜು ಕಾಲದ 'ಇನ್ ಕನ್‌ಕ್ಲೂಷನ್' ಒಂದೇ.

ಆಧಾರವೆಂದರೆ ಓದಿದವರು ಹೋಗಿ ವಿಚಾರಿಸುವಂತಿರಬೇಕು ಎಂದು ಅಂಚಿನಲ್ಲಿ ಬರೆದಿದ್ದೀರಿ. ಹೋಗಿ ವಿಚಾರಿಸುವ ಹಾಗಿದ್ದರೆ ನಾನೇ ಮೊದಲು ಹೋಗುತ್ತಿದ್ದೆ ಮೇಡಂ. ನಾಲ್ಕು ವರ್ಷವಾಯಿತು.

ದಯವಿಟ್ಟು ಆ ವಾಕ್ಯಗಳನ್ನು ಹೊಡೆದುಹಾಕಬೇಡಿ. ಅಂಕ ಬೇಕಾದರೆ ಕಡಿಮೆ ಕೊಡಿ. ಕೊನೆಯ ಆಧಾರಗಳ ಪಟ್ಟಿಯಲ್ಲಿ ಹೀಗೆ ಬರೆದಿದ್ದೇನೆ: ದರ್ಜಿ, ಹೊಲಿಗೆ ಯಂತ್ರದ ಮುಂದೆ, ನನಗೊಬ್ಬನಿಗೇ ಹೇಳಿದ್ದು. ಇದು ನಡೆಯುತ್ತದೆಯೇ, ತಿಳಿಸಿ.

ಇಸವಿಯ ಜಾಗ ಇನ್ನೂ ಖಾಲಿ ಇದೆ. ಯಾವ ವರ್ಷದ್ದೆಂದು ಹಾಕಲಿ, ದಿನಾ ಹೇಳುತ್ತಿದ್ದಳು. ಯೋಚಿಸುತ್ತಾ ಕೂತರೆ ಕಿಟಕಿಯ ಬೆಳಕೂ ಹೋಗುತ್ತಿದೆ, ಹಾಳೆಯ ಗೆರೆ ಕಾಣುತ್ತಿಲ್ಲ.

ಇಂತಿ,
ಹಿಂದಿನ ಬೆಂಚಿನ ನಿಮ್ಮ ಹಿರಿಯ ವಿದ್ಯಾರ್ಥಿ