ಮಿಕ್ಸಿ ಬೋರ್ಡಿನ ಎತ್ತರ

ಅಮ್ಮಾ,

ಕೋಣಂದೂರಿನ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದವನು, ಇವತ್ತು ಕೊನೆಗೂ ನಮ್ಮ ಅಡುಗೆಮನೆಯ ಹಳೆಯ ವೈರುಗಳನ್ನು ಕಿತ್ತೆ. ಸೊಂಟ ಹಿಡಿದುಕೊಂಡಿದೆ.

ಮಿಕ್ಸಿ ಬೋರ್ಡಿನ ಸುತ್ತ ಗೋಡೆಯ ಬಣ್ಣವೆಲ್ಲ ಎದ್ದುಹೋಗಿತ್ತು. ನೀನು ಕಡಗೋಲಿನ ತುದಿಯಿಂದ ಸ್ವಿಚ್ ಒತ್ತಿ ಒತ್ತಿ ಆದದ್ದು. ಕರೆಂಟಿಗೆ ಹೆದರಿ ಹಾಗೆ ಮಾಡುತ್ತೀಯ ಎಂದು ನಾನು ನಗುತ್ತಿದ್ದೆ. ಆಮೇಲೊಂದು ದಿನ ನೀನೇ ಹೇಳಿದೆ, "ಕೈ ಎಟುಕಲ್ಲ ಮಾರಾಯ, ಚೂರು ಕೆಳಗೆ ಹಾಕಿಕೊಡು." ಮುಂದೆ ವೈರಿಂಗ್ ಬದಲಾಯಿಸುವಾಗ ನೋಡೋಣ ಎಂದಿದ್ದೆ.

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ, ಇವತ್ತು, ಹಳೆಯ ಬೋರ್ಡಿಗಿಂತ ಒಂದು ಗೇಣು ಕೆಳಗೆ ಗೋಡೆ ಕೊರೆದೆ. ನಿನ್ನ ಕೈಗೆ ಸರಿಯಾಗಿ ಸಿಗುತ್ತಿತ್ತು.

ನಿನ್ನ ಸೊಸೆ ಸ್ವಪ್ನಾ ಬಂದು ನೋಡಿದಳು. "ಇಷ್ಟು ಕೆಳಗೆ ಎಂತಕ್ಕೆ? ಮಿಕ್ಸಿ ಇಟ್ರೆ ಸ್ವಿಚ್ಚೇ ಕಾಣಲ್ಲ. ಅಡುಗೆ ಮಾಡೋಳು ನಾನು. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ನಾನು ಕೊರೆದದ್ದನ್ನು ಸಿಮೆಂಟಿನಿಂದ ಮುಚ್ಚಿದೆ. ಎಲ್ಲಿ ಬೇಕೆಂದು ಕೈ ಚಾಚಿ ತೋರಿಸು ಎಂದೆ. ಅವಳು ಬೆರಳಿಟ್ಟಲ್ಲಿ ಪೆನ್ಸಿಲಿನಿಂದ ಗೀಟು ಎಳೆದೆ.

ಕೇಳಿ ಗೀಟು ಎಳೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ ಅಮ್ಮಾ.